ಕೈ ತೊಳೆದ ನೀರು

ಹನ್ನೊಂದು ವರ್ಷ ಈ ಬೀದಿಯಲ್ಲಿ ಬಸ್ಸು ಓಡಿಸಿದವಳು ನಾನು.
ಗ್ಲಾಸ್ಗೋದ ಈ ಕಡೆಯ ಗುಂಡಿ ಗುಂಡಿಯೂ ನನ್ನ ಬೆನ್ನಿಗೆ ಗೊತ್ತು.
ಆದರೂ ಆ ಅಂಗಡಿ ಕಂಡದ್ದು
ಕೆಲಸ ಬಿಟ್ಟ ಮೇಲೆ, ಕಾಲ್ನಡಿಗೆಯಲ್ಲಿ, ಮೀನು ತರಲು ಹೋಗಿ.

ಮೀನಿನಂಗಡಿ ಇರಲಿಲ್ಲ.
ಬಿಳಿ ಟೈಲ್ಸಿನ ಗೋಡೆ ಮಾತ್ರ ಹಾಗೇ ಇತ್ತು.
ಹ್ಯಾಡಕ್ ಮಲಗುತ್ತಿದ್ದ ಅಮೃತಶಿಲೆಯ ಹಲಗೆಯ ಮೇಲೆ
ಏಳು ಉಂಗುರ, ಎರಡು ಜೊತೆ ಓಲೆ.
ಇಷ್ಟೇನಾ ವ್ಯಾಪಾರ ಅಂದುಕೊಂಡೆ.
ಒಳಗೆ ಹೋದದ್ದು, ನಿಜ ಹೇಳಬೇಕೆಂದರೆ, ಹೀಟರ್ ಕಂಡು.

ಮೋರ್ವೆನ್ ಅಂತ ಹುಡುಗಿ; ಹುಡುಗಿ ಏನು, ನಲವತ್ತರ ಹತ್ತಿರ.
ತೊಡೆಯ ಮೇಲೆ ಚರ್ಮದ ಜೋಳಿಗೆ ಹರಡಿ
ಅರದಿಂದ ಉದುರುವ ಚಿನ್ನದ ಹುಡಿ ಹಿಡಿಯುತ್ತಿದ್ದಳು,
ಮಗುವಿಗೆ ಉಣಿಸುವಾಗ ಗಲ್ಲದ ಕೆಳಗೆ ಅಂಗೈ ಒಡ್ಡಿದ ಹಾಗೆ.
ಮೂಲೆಯಲ್ಲೊಂದು ನೀಲಿ ಬಕೆಟ್ಟು.
"ಕೈ ತೊಳೆದ ನೀರು," ಎಂದಳು, "ಚೆಲ್ಲುವುದಿಲ್ಲ.
ವರ್ಷದ ಕೊನೆಗೆ ತಳದಲ್ಲಿ ಗುಲಗಂಜಿಯಷ್ಟಾದರೂ ಸಿಗುತ್ತದೆ."

ಬೆಲೆಚೀಟಿಯ ಜೊತೆ ಉಂಗುರಕ್ಕೊಂದು ಹೆಸರೂ ಕಟ್ಟಿತ್ತು.
ಹೆರ್ಮಿನಿಯಾ. ಪೆರುವಿನ ಬೆಟ್ಟದಾಕೆ.
ಗಂಡಸರು ಗಣಿಯಿಂದ ಹೊರಗೆಸೆದ ಕಲ್ಲುಗುಪ್ಪೆಯಲ್ಲಿ
ಸುತ್ತಿಗೆ ಹಿಡಿದು ಕೂತು ಹೊಳಪು ಆರಿಸುವವಳು.
ಆ ಸಂಘದವರು ಪಾದರಸ ಮುಟ್ಟುವುದಿಲ್ಲವಂತೆ,
ತೂಗಿದ ದಿನವೇ ದುಡ್ಡು ಅವಳ ಕೈಗಂತೆ.
ಎಲ್ಲ ಒಂದು ಉದ್ದನೆ ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ.

ನಾನು ಸುಲಭಕ್ಕೆ ನಂಬುವವಳಲ್ಲ.
ಟಿಕೆಟ್ಟಿಲ್ಲದವರ ಕಥೆ ಕೇಳಿ ಕೇಳಿ ಪಳಗಿದ ಕಿವಿ ಇದು.
"ನೀನು ನೋಡಿದ್ದೀಯಾ ಅವಳನ್ನ?"
"ಇಲ್ಲ," ಎಂದಳು. "ಒಮ್ಮೆ ಫೋನಿನಲ್ಲಿ ಮಾತಾಡಿದ್ದೇನೆ.
ಅವಳಿಗೆ ಕೆಮ್ಮು ಇತ್ತು. ಉಳಿದದ್ದಕ್ಕೆ ಕಾಗದ ನಂಬಿದ್ದೇನೆ."
ಆ 'ಇಲ್ಲ'ಕ್ಕೇ ನಾನು ಕುರ್ಚಿ ಎಳೆದು ಕೂತೆ.

ಆಮೇಲೆ ಅವಳ ಕಣ್ಣು ನನ್ನ ಬೆರಳಿಗೆ ಬಿತ್ತು.
ಡೂಗಲ್ ತೊಡಿಸಿದ್ದು, ಎಪ್ಪತ್ತೊಂಬತ್ತರಲ್ಲಿ.
ಸ್ಟೀರಿಂಗಿಗೆ ತಿಕ್ಕಿ ತಿಕ್ಕಿ ಅಂಗೈ ಕಡೆ ದಾರದಷ್ಟಾಗಿದೆ.
"ಇದು ಎಲ್ಲಿಯದು?"
"ಆರ್ಗೈಲ್ ಸ್ಟ್ರೀಟು," ಎಂದೆ, ತಟ್ಟನೆ.
"ಅದಕ್ಕೂ ಮೊದಲು?"

ಅದಕ್ಕೂ ಮೊದಲು.
ಸೋಪು, ಹಿಟ್ಟು, ಮಕ್ಕಳ ತಲೆಯ ಹೇನು, ಆಸ್ಪತ್ರೆ ಮಂಚದ ಸರಳು
ಎಲ್ಲವನ್ನೂ ನನ್ನ ಜೊತೆ ಮುಟ್ಟಿದ ಚಿನ್ನ.
ಒಮ್ಮೆಯೂ ಕೇಳಲಿಲ್ಲ ನಾನು: ನಿನ್ನ ಊರು ಯಾವುದು,
ನಿನಗಾಗಿ ಯಾರು ನೆಲದೊಳಗೆ ಇಳಿದರು,
ಹತ್ತಿ ಬಂದರೇ.

ನನ್ನಪ್ಪ ಲ್ಯಾನಾರ್ಕ್‌ಶೈರಿನ ಕಲ್ಲಿದ್ದಲ ಗಣಿಯವನು.
ನಮ್ಮ ಮನೆಯಲ್ಲೂ ಒಂದು ಕೆಮ್ಮು ಇತ್ತು.
ಅವನು ಅಗೆದದ್ದು ಯಾರ ಒಲೆಗೆ ಹೋಯಿತೋ,
ಆ ಒಲೆಯ ಮುಂದೆ ಕೈ ಕಾಸಿಕೊಂಡವರು
ಅವನ ಹೆಸರು ಕೇಳಿದವರಲ್ಲ.

ಹೊಸದು ಕೊಳ್ಳಲಿಲ್ಲ. ಪಿಂಚಣಿ ಅಷ್ಟಿಲ್ಲ.
ಸವೆದ ಜಾಗಕ್ಕೆ ಹೆರ್ಮಿನಿಯಾಳದೊಂದು ಚೂರು
ಬೆಸೆದುಕೊಡು ಎಂದೆ.
ಮಂಗಳವಾರ ಹೋದರೆ ಉಂಗುರದ ಜೊತೆ ಕಾಗದದ ಪೊಟ್ಟಣ:
ಅರ ಹಾಕುವಾಗ ಉದುರಿದ ನನ್ನ ಹುಡಿ, ತೂಗಿ, ಬರೆದು.
ಒಡಹುಟ್ಟಿದವಳ ಚಿನ್ನದಲ್ಲೂ ಚೂರು ಉಳಿಸಿಕೊಳ್ಳುವ ಕಸುಬು
ಅಂತಾರಪ್ಪ ಇದನ್ನ!

ಬೆಸುಗೆ ಕಾಣುತ್ತದೆ, ಹುಡುಕಿದರೆ. ಆ ಕಡೆ ಬಣ್ಣ ತುಸು ಕೆಂಪು.
ಬಸ್ಸಿನಲ್ಲಿ ಹಿಂದಿನ ಸೀಟಿಗೆ ಕೂತು
ಹೆಬ್ಬೆರಳಿಂದ ಸವರಿಕೊಂಡೇ ಮನೆಗೆ ಬಂದೆ.
ರಾತ್ರಿ ಪಾತ್ರೆ ತೊಳೆದು
ಸಿಂಕಿನ ಬಿರಡೆ ಎಳೆಯಲು ಹೋದ ಕೈ
ಸ್ವಲ್ಪ ಹೊತ್ತು ಅಲ್ಲೇ ನಿಂತಿತು.