ಬಾರದವಳ ಕುರ್ಚಿ

ಅರವತ್ತು ಕುರ್ಚಿ ಬಿಡಿಸಿಟ್ಟವನು ನಾನು.
ಚರ್ಚಿನ ನೆಲಮಾಳಿಗೆ, ಬಾಯ್ಲರಿನ ಗೊರಕೆ,
ಹೊರಗೆ ಸೊನ್ನೆಗಿಂತ ಹದಿನೆಂಟು ಮೆಟ್ಟಿಲು ಕೆಳಗೆ
ಕೂತಿತ್ತು ಜನವರಿ.
ಅಯೋವಾದ ಈ ಮೂಲೆಯಲ್ಲಿ ಇಂಥ ರಾತ್ರಿ
ಟ್ರಕ್ಕಿನ ಎಂಜಿನ್ನು ಆರಿಸದೆ ಬರುತ್ತಾರೆ ಜನ.
ಬಂದರು,
ಆರಿಸಲು.

ಸುಳ್ಳೇಕೆ, ಮೇಪ್ಸ್ ಅಂದರೆ ನಮಗೆಲ್ಲ ಪ್ರಾಣ.
ಅಕ್ಟೋಬರಿನಲ್ಲಿ ಬಂದಿದ್ದ. ಜೋಳದ ಕೂಳೆಯ ನಡುವೆ ನಿಂತು
ಹುಟ್ಟದ ಕೂಸುಗಳ ಬಗ್ಗೆ, ದೇಶದ ಸಾಲದ ಬಗ್ಗೆ,
ಅವನಪ್ಪ ಒಂದೇ ಬೆಳಗ್ಗೆ ಮಾರಿದ ನಲವತ್ತು ಹಸುಗಳ ಬಗ್ಗೆ
ಚೀಟಿ ನೋಡದೆ ಮಾತಾಡಿದ್ದ.
ಆರ್ಲಿಸ್ ಅತ್ತಳು.
ಗಂಡನ ಮಣ್ಣಿನ ದಿನವೂ ಅತ್ತವಳಲ್ಲ ಅವಳು,
ಬಂದವರ ಕೋಟು ತೂಗುಹಾಕುತ್ತಿದ್ದಳು.

"ಒಳ್ಳೆಯವನೇ," ಎಂದ ವರ್ಲಿನ್ ದೆ ಯಾಂಗ್,
ಟೋಪಿಯ ಅಂಚನ್ನು ತಿರುವುತ್ತಾ,
"ಆದರೆ ಗೆಲ್ಲುತ್ತಾನಾ?"

ಆ 'ಆದರೆ'ಗೆ ಯಾರೋ ಬಾಗಿಲು ತೆರೆದಿಟ್ಟಂತೆ
ಕಾಲಿನ ಸುತ್ತ ಥಂಡಿ ಹರಿದಾಡಿತು.

"ಹೋಲ್ಟ್‌ನನ್ನು ನೋಡಿ. ಉರಿಯೂ ಅಲ್ಲ, ಹಿಮವೂ ಅಲ್ಲ.
ಬ್ಯಾಂಕಿನವರು ಕೊಡುವ ಕ್ಯಾಲೆಂಡರಿನಂಥ ಮುಖ,
ಯಾರ ಮನೆಯ ಗೋಡೆಗೂ ನಡೆಯುತ್ತದೆ."
"ನಮ್ಮ ಗೋಡೆಗೆ?" ಎಂದಳು ಆರ್ಲಿಸ್.
"ನಮ್ಮ ಗೋಡೆಯ ಮಾತಲ್ಲವಮ್ಮ ಇದು.
ಎರಡು ಸಲ ಮನಸ್ಸಿಗೆ ಹಾಕಿ ಎರಡು ಸಲ ಸೋತೆವು.
ಫಿಲಡೆಲ್ಫಿಯಾದ ಆಚೆ, ಹೊಸ ಬಡಾವಣೆಯಲ್ಲಿ ಒಬ್ಬಳಿದ್ದಾಳೆ.
ಅವಳು ಒಪ್ಪಬೇಕು."

ಆಮೇಲೆ ಒಂದು ಗಂಟೆ ಅವಳದೇ ಸುದ್ದಿ.
ಅವಳಿಗೆ ಇಬ್ಬರು ಮಕ್ಕಳೆಂದರು, ಮೂವರೆಂದರು.
ಬೂದು ಬಣ್ಣದ ಕಾರು ಕೊಟ್ಟರು, ಬೆನ್ನುನೋವು ಕೊಟ್ಟರು,
ಭಾನುವಾರ ಚರ್ಚಿಗೆ ಹೋಗುತ್ತಾಳೋ ಇಲ್ಲವೋ
ಎಂಬಲ್ಲಿ ಜಗಳವೇ ಆಯಿತು.
ಮೇಪ್ಸ್‌ನ ದನಿ ಅವಳಿಗೆ ಜೋರಂತೆ.
ಹಸುಗಳ ಕಥೆ ಅವಳಿಗೆ ಬೇಡವಂತೆ.
ಹಿಂದಿನ ಸಾಲಿನಲ್ಲಿ ಖಾಲಿಯಿದ್ದ ಮೂರು ಕುರ್ಚಿಗಳಲ್ಲಿ
ಒಂದರ ಮೇಲೆ ಅವಳು ಕೋಟು ಬಿಚ್ಚದೆ ಕೂತು
ಗಡಿಯಾರ ನೋಡುತ್ತಿದ್ದಾಳೆಂದೇ ನನಗನಿಸಿತು.

ಲೋವೆಲ್ ಪೋಸ್ಟ್‌ಮಾನಿಗೆ ತಟ್ಟನೆ ನೆನಪು:
ತಮ್ಮನ ಮಗಳು ಬ್ರೆನ್ನಾ ಅಲ್ಲೇ ಇರುವುದಲ್ಲವೆ!
ಫೋನು ಮೇಜಿನ ನಡುವೆ, ಪೈ ತಟ್ಟೆಗಳ ಪಕ್ಕ.
ಐವತ್ತೇಳು ಜನ ಉಸಿರು ಹಿಡಿದರು.
ಅತ್ತ ಕಡೆ ನಲ್ಲಿಯ ನೀರು, ಪಾತ್ರೆಗಳ ಸದ್ದು.
"ನಾನಿನ್ನೂ ಯೋಚನೆ ಮಾಡಿಲ್ಲ ದೊಡ್ಡಪ್ಪ.
ಮೊದಲು ಓಟು ಹಾಕುವವರು ನೀವಲ್ಲವೆ?
ನೀವು ಯಾರನ್ನು ನಂಬುತ್ತೀರಿ ನೋಡೋಣ ಅಂತಿದ್ದೆ."

ಯಾರೋ ಕೆಮ್ಮಿದರು.
"ಮಗು ಹುಷಾರಾ?" ಎಂದು ಕೇಳಿ
ಲೋವೆಲ್ ಫೋನಿಟ್ಟ.

ಪಾಪ್‌ಕಾರ್ನ್ ಡಬ್ಬಿಯೇ ಮತಪೆಟ್ಟಿಗೆ ನಮಗೆ,
ಚೀಟಿ ಬಿಡಿಸಿದರೆ ಬೆಣ್ಣೆಯ ವಾಸನೆ.
ಹೋಲ್ಟ್ ನಲವತ್ತೇಳು. ಮೇಪ್ಸ್ ಆರು. ಉಳಿದವರಿಗೆ ನಾಲ್ಕು.
ಚಪ್ಪಾಳೆ ಬಿತ್ತು, ಕೈಗವಸು ಹಾಕಿಕೊಂಡ ಮೇಲೆ ತಟ್ಟುವ
ಮೆತ್ತನೆಯ ಚಪ್ಪಾಳೆ.
ನಾನೂ ಹೋಲ್ಟ್‌ಗೇ ಹಾಕಿದ್ದೆ. ಕೇಳಿದರೆ ಹೇಳುತ್ತೇನೆ.

ಎಲ್ಲ ಹೋದ ಮೇಲೆ ಗುಡಿಸುವಾಗ
ಎರಡನೇ ಸಾಲಿನ ಕುರ್ಚಿಯಡಿ ಒಂದು ಚೀಟಿ, ಉಂಡೆ ಮಾಡಿದ್ದು.
ಮೇಪ್ಸ್ ಎಂದು ಬರೆದಿತ್ತು.
ಹೊಡೆದು ಹಾಕಿತ್ತು. ಮತ್ತೆ ಬರೆದಿತ್ತು.
ಮತ್ತೆ ಹೊಡೆದ ಗೀರಿಗೆ ಕಾಗದವೇ ಹರಿದಿತ್ತು.
ಆ ಅಕ್ಷರ ನನಗೆ ಗೊತ್ತು. ಬಲಕ್ಕೆ ವಾಲುವ ಆ ಗೀಚು
ಮೂವತ್ತು ವರ್ಷದಿಂದ ಮೇವಿನಂಗಡಿಯ ರಸೀತಿಯಲ್ಲಿ
ನಾನು ಓದುತ್ತಿರುವುದೇ.

ಬಾಯ್ಲರಿಗೆ ಹಾಕಿದೆ.

ಮಂಗಳವಾರ ಹಂದಿಮೇವಿಗೆ ಹೋದಾಗ
ವರ್ಲಿನ್ ಮೂಟೆ ತೂಗುತ್ತಿದ್ದ. ಮುಳ್ಳು
ಅತ್ತ ಇತ್ತ ಆಡುತ್ತಿತ್ತು, ಇನ್ನೂ ನಿಂತಿರಲಿಲ್ಲ.
ಅದರ ಮೇಲಿಂದ ಕಣ್ಣು ತೆಗೆಯದೆ ಕೇಳಿದ:
"ಗೆಲ್ಲುತ್ತಾನಲ್ಲ?"