ಬುವ್ಕಾ, ಪುವ್ಕಾ

ಬುವ್ಕಾ ಎಂದರೆ ನಮ್ಮಲ್ಲಿ ಗುಂಡನೆಯ ಬನ್ನು,
ಪುವ್ಕಾ ಎಂದರೆ ಗೋಡೆಯ ಹಲಗೆ.
ಬನ್ನು ತಾ ಅಂದರೆ ನನ್ನ ಕಯೆತಾನ್
ಹಲಗೆಯನ್ನೇ ದಿಟ್ಟಿಸುತ್ತ ನಿಂತಿರುತ್ತಿದ್ದ,
ಒಲೆಯ ಮೇಲೆ ಕೆಟಲ್ ಕೂಗುತ್ತಿರುವಾಗ,
ನಲ್ಲಿ ಸುರಿಯುತ್ತಿರುವಾಗ,
ನನಗೆ ಬೆಳಗಿನ ಪಾಳಿಗೆ ತಡವಾಗಿರುವಾಗ.

ಗ್ದೀನ್ಯಾದಲ್ಲಿ ಟ್ರಾಲಿಬಸ್ ಓಡಿಸುವವಳು ನಾನು.
ಮೇಲಿನ ತಂತಿಯಿಂದ ಕೋಲು ಕಳಚಿಕೊಂಡರೆ
ಬಸ್ಸು ನಿಂತಲ್ಲೇ ನಿಂತುಬಿಡುತ್ತದೆ.
ಚಕ್ರಕ್ಕೇನೂ ಆಗಿರುವುದಿಲ್ಲ,
ಮೋಟರಿಗೇನೂ ಆಗಿರುವುದಿಲ್ಲ.
ಇಷ್ಟು ಗೊತ್ತಿದ್ದವಳಿಗೆ
ಒಂಬತ್ತು ವರ್ಷ ಅಷ್ಟು ಹೊಳೆಯಲಿಲ್ಲ.

ಕಿವಿ ಪರೀಕ್ಷೆಯ ಗೆರೆ ಅಡಿಕೋಲಿಟ್ಟು ಎಳೆದಂತಿತ್ತು.
ಕೇಳಿಸುತ್ತದೆ, ಅಂದರು ಡಾಕ್ಟರು.
ಕೇಳಿಸಿಕೊಳ್ಳುವುದಿಲ್ಲ, ಅಂದರು ಶಾಲೆಯಲ್ಲಿ.
ಎರಡರ ನಡುವಿನ ಆ ಒಂದು 'ಕೊಳ್ಳು',
ಅದನ್ನು ಯಾವ ಅಂಗಡಿಯಲ್ಲಿ ಕೊಳ್ಳುತ್ತಾರೆ,
ಯಾರೂ ಹೇಳಲಿಲ್ಲ.

ಈಗ ಮಂಗಳವಾರ, ಶುಕ್ರವಾರ, ಹಾಲ್ಶ್ಕಾ ಅವರ ಕೋಣೆ.
ಕಿಟಕಿಗೆ ದಪ್ಪ ಪರದೆ, ಮಗನಿಗೆ ಹೆಡ್‌ಫೋನು.
ಎಡಗಿವಿಗೆ ಗಂಡುದನಿಯ ಒಂದು ಅಂಕಿ,
ಬಲಗಿವಿಗೆ ಹೆಣ್ಣುದನಿಯ ಇನ್ನೊಂದು,
ಹಿಂದೆ ಯಾವುದೋ ಹೋಟೆಲಿನ ತಟ್ಟೆ ಚಮಚಗಳ ಸಂತೆ.
ವಾರಕ್ಕಿಷ್ಟು ಅಂತ ಸಂತೆಯನ್ನು ಏರಿಸುತ್ತಾರೆ.
ಕೊಸಾ, ಕುಡುಗೋಲು. ಕೊಝಾ, ಮೇಕೆ.
ಸರಿಯಾದ ಚಿತ್ರದ ಮೇಲೆ ಬೆರಳಿಡಬೇಕು.
ಮೊದಲ ತಿಂಗಳು ಮೇಕೆಯಿಂದಲೇ ಹುಲ್ಲು ಕೊಯ್ದ.
ನಕ್ಕದ್ದೂ ಅವನೇ ಮೊದಲು.
ಈಗ ಹತ್ತಕ್ಕೆ ಏಳು. ರಸ್ತೆಯಲ್ಲಿ ಐದು.
ನೆಗಡಿಯಾದರೆ ಲೆಕ್ಕವೇ ಇಲ್ಲ.

ಮೊನ್ನೆ ಮರಳುವಾಗ, ಬೇರೆ ಯಾರೋ ಓಡಿಸುವ ಬಸ್ಸಿನ ಹಿಂದಿನ ಸೀಟಿನಲ್ಲಿ,
ಗಾಜಿನ ಮೇಲೆ ಹಸಿಮಂಜು ಜಾರುವುದನ್ನು ನೋಡುತ್ತ
ಅವನು ಹೇಳಿದ:
ಅಮ್ಮಾ, ಅವತ್ತು ರಾತ್ರಿ ಜಿತಾ ಚಿಕ್ಕಮ್ಮನಿಗೆ ಫೋನಿನಲ್ಲಿ
ನನ್ನ ತಲೆಯಲ್ಲಿ ಏನೋ ಕಡಿಮೆ ಅಂದೆಯಲ್ಲ,
ಅದು ಪೂರ್ತಿ ಕೇಳಿಸಿತ್ತು.
ಆಗ ನಲ್ಲಿ ನಿಂತಿತ್ತು.

ದೂರಿರಲಿಲ್ಲ ದನಿಯಲ್ಲಿ.
ಹತ್ತಕ್ಕೆ ಎಷ್ಟು ಅಂತ ಹೇಳುವ ದನಿ ಅದು.

ಹಾಲ್ಶ್ಕಾ ಕಲಿಸಿಕೊಟ್ಟಂತೆ
ಅವನ ಕಡೆ ಪೂರ್ತಿ ತಿರುಗಿ, ತುಟಿ ಕಾಣುವಂತೆ,
ಒಂದೊಂದೇ ಪದ ಬಿಡಿಸಿ ಹೇಳಿದೆ, ತಪ್ಪು ನನ್ನದು ಅಂತ.
ಅಷ್ಟರಲ್ಲಿ ಬಾಗಿಲು ಬುಸ್ಸೆಂದು ತೆರೆದು
ಬಂದರಿನ ಪಾಳಿ ಮುಗಿಸಿದವರೆಲ್ಲ ಹತ್ತಿದರು,
ಬೂಟು, ಕೆಮ್ಮು, ಬೀಗದ ಗೊಂಚಲು.

ಇನ್ನೊಮ್ಮೆ, ಅಂದ.
ಕೇಳಿಸಿರಲಿಲ್ಲವೋ,
ಮತ್ತೆ ಕೇಳಬೇಕೆನಿಸಿತೋ.

ಇನ್ನೊಮ್ಮೆ ಹೇಳಿದೆ.