ಚೀಲದ ಲೆಕ್ಕ

ನೋಟ್‌ಬುಕ್ಕಿನಲ್ಲಿತ್ತು: ಎಪಿಡ್ಯೂರಲ್, ನಗೆ ಅನಿಲ, ಪೆಥಿಡಿನ್,
ಬಿಸಿನೀರು, ಓಡಾಟ, ಉಸಿರು, ಬೆನ್ನಿಗೆ ಒತ್ತು.
ಹತ್ತು ಅಂಕದ ಪ್ರಶ್ನೆ.

ಬ್ಯಾಡಗಿ ಆಸ್ಪತ್ರೆ, ರಾತ್ರಿ ಪಾಳಿ.
ಅರಿವಳಿಕೆ ಡಾಕ್ಟರು ಹಾವೇರಿಯಲ್ಲಿ,
ಗ್ಯಾಸಿನ ಸಿಲಿಂಡರ್ ನಮ್ಮ ಪುಸ್ತಕದ ನೂರಾ ನಾಲ್ಕನೇ ಪುಟದಲ್ಲಿ.
ಮಂಚದ ಮೇಲೆ ದಿಲ್‌ಶಾದಬಿ,
ನಿನ್ನೆ ಸಂಜೆವರೆಗೂ ಮೆಣಸಿನಕಾಯಿ ತೊಟ್ಟು ಮುರಿದವಳು.

'ಸೊನ್ನೆಯಿಂದ ಹತ್ತರೊಳಗ ನೋವು ಎಷ್ಟೈತಿ, ಅಕ್ಕಾ?'
ಕಲಿತದ್ದನ್ನೇ ಕೇಳಿದೆ.
'ಹತ್ತಂದ್ರ ಏನವ್ವಾ? ನಮ್ದು ಚೀಲದ ಲೆಕ್ಕ.
ಮೂರು ಚೀಲ ಆಗೈತಿ. ಇನ್ನೂ ಹೊತ್ತು ಮುಣಗಿಲ್ಲ.'

ಫಕ್ಕೀರವ್ವ ಸಿಸ್ಟರ್ ನನ್ನ ಎಡ ಅಂಗೈ ಹಿಡಿದು
ಅವಳ ಸೊಂಟದ ಕೆಳಗಿನ ಎಲುಬಿಗೆ ಒತ್ತಿದರು:
'ಇಲ್ಲೆ. ರೊಟ್ಟಿ ಬಡದಂಗಲ್ಲ,
ಗಾಳಿಗೆ ಬಡ್ಕೊಳ್ಳೋ ಬಾಗಲಾ ಹಿಡದಂಗ.'

ನೋವು ಬಂದಾಗ ಒತ್ತಿದೆ, ಹೋದಾಗ ಬಿಟ್ಟೆ.
ಬಲಗೈ ಅವಳ ಮುಷ್ಟಿಯೊಳಗೆ.
ಬಿಡಿಸಿಕೊಂಡು ಬೆವರೊರೆಸಿದೆನೋ ಇಲ್ಲವೋ
ಕಣ್ಣು ಉರಿ ಉರಿ.
ಎಷ್ಟು ಸಲ ತೊಳೆದರೂ ಬೆರಳಲ್ಲೇ ಉಳಿದ ಖಾರ.
'ನೀ ಯಾಕ ಅಳ್ತೀ?' ಅಂತ ನಕ್ಕಳು,
ನಗು ಅರ್ಧಕ್ಕೇ ಹಲ್ಲು ಕಚ್ಚಿತು.

ನಾಲ್ಕಕ್ಕೆ ನಾನೇ ಕೇಳಿದೆ:
'ಈಗ ಎಷ್ಟು ಚೀಲ?'

'ಲಾರಿ ತುಂಬೈತಿ.
ಇಳಸಾಕ ಕೈ ಹಚ್ಚು.'